ಖಣಿ ದಾರಿಯ ಚಹಾದ ಅಂಗಡಿ

ಶಹಾಬಾದ್ ಮತ್ತು ವಾಡಿಯ ನಡುವಿನ ಸೀಮೆಯಲ್ಲಿ ಮನೆ ಕಟ್ಟುವವರಿಗೆ ಇಟ್ಟಿಗೆಯ ಚಿಂತೆ ಇರಲಿಲ್ಲ. ಗೋಡೆಗೆ ಕಲ್ಲು, ನೆಲಕ್ಕೆ ಕಲ್ಲು, ಮಾಳಿಗೆಗೆ ಕಲ್ಲು. ಹೊಲಕ್ಕೆ ಬೇಲಿ ಬೇಕೆಂದರೆ ಅಗಲವಾದ ಹಾಸುಗಲ್ಲುಗಳನ್ನು ಸಾಲಾಗಿ ನೆಟ್ಟಗೆ ಹುಗಿದರೆ ಮುಗಿಯಿತು. ನಮ್ಮ ಅವ್ವನ ಚಹಾದ ಅಂಗಡಿಯೂ ಹಾಗೆಯೇ ಎದ್ದದ್ದು. ಒಡೆದದ್ದೆಂದು ಖಣಿಯವರು ಬಿಸಾಕಿದ ಕಲ್ಲುಗಳಿಂದ ಮೂರು ಕಡೆ ಗೋಡೆ, ಮೇಲೆ ತಗಡು, ಮುಂದೆ ಕೂಡಲು ಎರಡು ಉದ್ದನೆಯ ಕಟ್ಟೆ. ಅಪ್ಪ ಲಾರಿಯಲ್ಲಿ ಸೊಲ್ಲಾಪುರ, ಪುಣೆಯ ಕಡೆಗೆ ಇದೇ ಕಲ್ಲನ್ನು ಒಯ್ಯುತ್ತಿದ್ದ. ಅಂಗಡಿ ಪೂರ್ತಿಯಾಗಿ ಅವ್ವನದು. 1990ರ ದಶಕದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲಿ, ಬೆಳಗ್ಗೆ ಮತ್ತು ಸಂಜೆ ಅಲ್ಲಿಯೇ ಇರುತ್ತಿದ್ದೆ. ನಮ್ಮ ಕಾಲ ಕೆಳಗಿನ ನೆಲದ ಬಗ್ಗೆ ನಾನು ಬಲ್ಲದ್ದೆಲ್ಲ ಆ ಕಟ್ಟೆಯ ಮೇಲೆ ಕುಳಿತವರಿಂದ ಬಂದದ್ದು. ಅವರಲ್ಲಿ ಬಹಳ ಮಂದಿಗೆ ಓದಲು ಬರುತ್ತಿರಲಿಲ್ಲ. ಅವರು ಬಲ್ಲದ್ದು ಎಲ್ಲಿಯೂ ಬರಹಕ್ಕೆ ಇಳಿಯಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಖಣಿಯಲ್ಲಿ ದುಡಿಯುವವರು, ಖಣಿ ಹುಡುಕುವವರು, ಖಣಿಯ ಕಲ್ಲು ಕೊಳ್ಳುವವರು, ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಆದರೆ ಹೊತ್ತು ಬೇರೆ ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ಖಣಿಯ ಗುಂಡಿಯೊಳಗೆ ಗಾಳಿ ಆಡುವುದಿಲ್ಲ, ತಿಳಿ ಬಣ್ಣದ ಕಲ್ಲು ಮೇಲಿನ ಬಿಸಿಲನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಕೆಲಸಗಾರರು ನಸುಕಿಗೇ ಗುಂಡಿಗೆ ಇಳಿದು, ನೆತ್ತಿಯ ಮೇಲೆ ಸೂರ್ಯ ಬರುವ ಮೊದಲು ಮೇಲೆ ಬರುತ್ತಿದ್ದರು. ಅವರು ಇಳಿಯುವ ಮುನ್ನ ಚಹಾ ಸಿದ್ಧವಿರಬೇಕು, ಅಂದರೆ ಅವ್ವನ ಒಲೆ ಕೋಳಿ ಕೂಗುವ ಮೊದಲೇ ಉರಿಯಬೇಕು. ಮೇಲೆ ಬಂದಾಗ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಕೈಯಲ್ಲಿ ರೊಕ್ಕ ಇದ್ದ ದಿನ ಸುಸಲಾ ಮತ್ತು ಮಿರ್ಚಿ. ಭೋವಿ ಓಣಿಯವರು ಹೆಚ್ಚು, ತಾಂಡಾಗಳಿಂದ ಬರುವ ಲಂಬಾಣಿ ಹೆಣ್ಣುಮಕ್ಕಳೂ ಇದ್ದರು, ತಾಂಡೂರಿನ ಕಡೆಯಿಂದ ಬಂದ ತೆಲುಗಿನವರೂ ಇದ್ದರು. ತಾಂಡೂರಿನ ಹಾಸುಗಲ್ಲೂ ನಮ್ಮದೂ ಒಂದೇ ಶಿಲಾಸ್ತರದ್ದು, ರಾಜ್ಯದ ಗಡಿ ಅದಕ್ಕೆ ಗೊತ್ತಿಲ್ಲ. ಕಟ್ಟೆಯ ಮೇಲೆ ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ ಎಲ್ಲವೂ ಒಟ್ಟಿಗೆ ನಡೆಯುತ್ತಿದ್ದವು. ಅವ್ವ ನಾಲ್ಕರಲ್ಲಿಯೂ ಉದ್ರಿ ಕೇಳಬಲ್ಲವಳಾಗಿದ್ದಳು.

ಉದ್ರಿಯಿಂದಲೇ ನನ್ನ ಪಾಠ ಶುರುವಾಯಿತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಒಳಗೋಡೆಯ ಕಲ್ಲಿನ ಮೇಲೆ ಇದ್ದಲಿಯಿಂದ ಗೀಟು ಎಳೆದು ಯಾರ ಲೆಕ್ಕ ಎಷ್ಟೆಂದು ಇಡುತ್ತಿದ್ದಳು. ನಾನು ಮಗ್ಗಿ ಕಲಿತ ಮೇಲೆ ಆ ಗೀಟುಗಳನ್ನೆಲ್ಲ ಒಂದು ಉದ್ದನೆಯ ಪುಸ್ತಕಕ್ಕೆ ಇಳಿಸಿದೆ. ಪುಸ್ತಕ ಬಂದದ್ದೇ ತಡ, ಕೆಲಸಗಾರರು ತಮ್ಮ ಲೆಕ್ಕವನ್ನೂ ನನ್ನ ಮುಂದೆ ಇಡತೊಡಗಿದರು.

ಅವರ ಕೂಲಿ ಬ್ರಾಸಿನ ಮೇಲೆ. ಹಾಸುಗಲ್ಲಿನಲ್ಲಿ ಒಂದು ಬ್ರಾಸ್ ಎಂದರೆ ನೂರು ಚದರ ಅಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಕಲ್ಲಾದರೆ ಒಂದಕ್ಕೆ ನಾಲ್ಕು ಚದರ ಅಡಿ. 25 ಕಲ್ಲಿಗೆ ಬ್ರಾಸ್ ತುಂಬುತ್ತದೆ, ತಕರಾರಿಲ್ಲ. ತಕರಾರು ಇದ್ದದ್ದು ಎರಡು ಅಡಿಗೆ ಒಂದೂವರೆ ಅಡಿಯ ಕಲ್ಲಿನಲ್ಲಿ. ಅದು ಒಂದಕ್ಕೆ ಮೂರು ಚದರ ಅಡಿ. 33 ಕಲ್ಲಿಗೆ 99 ಆಗುತ್ತದೆ, 34ಕ್ಕೆ 102. ಒಬ್ಬ ಗುತ್ತಿಗೆದಾರ 35 ಕಲ್ಲು ಎಣಿಸಿಕೊಂಡು ಒಂದು ಬ್ರಾಸ್ ಎಂದು ಬರೆಯುತ್ತಿದ್ದ. ಮೂಲೆ ಮುರಿದ ಕಲ್ಲನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆದರೆ ಲಾರಿಗೆ ಮಾತ್ರ ಹೇರಿಸುತ್ತಿದ್ದ. ಪ್ರತಿ ಬ್ರಾಸಿಗೆ ಐದು ಚದರ ಅಡಿ ಎಂದರೆ ಇಪ್ಪತ್ತು ಬ್ರಾಸಿಗೆ ಒಂದು ಬ್ರಾಸ್ ಪುಕ್ಕಟೆ. ಬೆನ್ನು ಬಗ್ಗಿಸಿ ತೆಗೆದ ಕಲ್ಲು ಹೀಗೆ ಎಣಿಕೆಯಲ್ಲಿ ಕರಗುತ್ತಿತ್ತು. ಮುಂಗಡ ತೆಗೆದುಕೊಂಡವರು ಬಾಯಿ ತೆರೆಯುವ ಹಾಗೂ ಇರಲಿಲ್ಲ. ಮಳೆಗಾಲದ ತಿಂಗಳುಗಳಿಗೆಂದು, ಮಗಳ ಮದುವೆಗೆಂದು ಇಸಿದುಕೊಂಡ ಆ ಹಣ ಅವರನ್ನು ಅದೇ ಗುಂಡಿಗೆ ಕಟ್ಟಿಹಾಕುತ್ತಿತ್ತು. ನಾನು ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಳತೆವಾರು ಪಟ್ಟಿ ಬರೆದೆ: ಯಾವ ಅಳತೆಯ ಎಷ್ಟು ಕಲ್ಲಿಗೆ ಒಂದು ಬ್ರಾಸ್. ಒಬ್ಬರಿಂದ ಒಬ್ಬರಿಗೆ ಅದು ಬಾಯಿಪಾಠವಾಯಿತು. ಹೆಣ್ಣುಮಕ್ಕಳ ಕೂಲಿಯ ವಿಷಯದಲ್ಲಿ ಮಾತ್ರ ಯಾವ ಪಟ್ಟಿಯೂ ನೆರವಿಗೆ ಬರಲಿಲ್ಲ. ಗಂಡಸರು ಎಬ್ಬಿಸಿದ ಕಲ್ಲನ್ನು ತಲೆಯ ಮೇಲೆ ಹೊತ್ತು ಏಣಿಯಂಥ ದಾರಿಯಲ್ಲಿ ಮೇಲೆ ತರುವವರು ಅವರು, ಕಲ್ಲುಪುಡಿ ಬಳಿದು ಗುಂಡಿ ಚೊಕ್ಕ ಮಾಡುವವರು ಅವರು. ಅವರ ಕೂಲಿ ಬ್ರಾಸಿಗೆ ಸೇರದೆ, ದಿನದ ಲೆಕ್ಕದಲ್ಲಿ, ಗಂಡಸರಿಗಿಂತ ಕಡಿಮೆ ಇರುತ್ತಿತ್ತು.

ಕಲ್ಲನ್ನು ಓದಲು ನನಗೆ ಕಲಿಸಿದವರು ಭೋವಿ ಓಣಿಯ ಒಬ್ಬ ಹಿರಿಯರು. ಎಲ್ಲರಿಗೂ ಅವರು ಕಾಕಾ. ಅಂಗಡಿಯ ಪಕ್ಕದಲ್ಲಿ ತಿದಿ ಹೂಡಿಕೊಂಡಿದ್ದ ಕಮ್ಮಾರನ ಬಳಿ ಉಳಿಗಳನ್ನು ಹದ ಮಾಡಿಸಲು ಅವರು ದಿನವೂ ಬರುತ್ತಿದ್ದರು. ಗಟ್ಟಿ ಕಲ್ಲಿಗೆ ಹೊಡೆದ ಉಳಿ ಒಂದು ದಿನಕ್ಕೇ ಮೊಂಡಾಗುತ್ತದೆ. ಕಾಯಿಸಿ, ಬಡಿದು, ನೀರು ಕುಡಿಸಬೇಕು. ನೀರು ಹೆಚ್ಚಾದರೆ ತುದಿ ಸಿಡಿಯುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಉಳಿ ತಣಿಯುವ ಹೊತ್ತಿಗೆ ಕಾಕಾ ಚಹಾ ಕುಡಿಯುತ್ತ, ಕಟ್ಟೆಯ ಕಲ್ಲನ್ನೇ ತೋರಿಸಿ ಹೇಳಿಕೊಡುತ್ತಿದ್ದರು.

ಮೊದಲ ಪಾಠ ಕಿವಿಗೆ. ಸಣ್ಣ ಸುತ್ತಿಗೆಯಿಂದ ಕಲ್ಲಿನ ನಡುವಿಗೆ ಮೆಲ್ಲಗೆ ತಟ್ಟಬೇಕು. ಗಂಟೆಯ ಹಾಗೆ ಕಣಕಣ ಎಂದರೆ ಒಳಗೆ ಬಿರುಕಿಲ್ಲ. ಮಂಕಾಗಿ ಡಬ್ ಎಂದರೆ ಕಣ್ಣಿಗೆ ಕಾಣದ ಸೀಳು ಇದೆ, ಪಾಲಿಶ್ ಮಶೀನಿನ ಕೆಳಗೆ ಅದು ಎರಡಾಗುತ್ತದೆ. ಎರಡನೆಯ ಪಾಠ ಅಂಚಿಗೆ. ನಮ್ಮ ಕಲ್ಲಿನ ಪದರಗಳ ನಡುವೆ ತೆಳುವಾದ ಜೇಡಿಯ ಎಳೆ ಇರುತ್ತದೆ. ಆ ಎಳೆ ಇರುವುದರಿಂದಲೇ ಹಾರೆ ಹಾಕಿ ಎಬ್ಬಿಸಿದರೆ ಪದರ ಸಾಫಾಗಿ ಏಳುತ್ತದೆ, ಅದರ ಮೈ ಗರಗಸ ಮುಟ್ಟದೆಯೂ ನುಣುಪಾಗಿರುತ್ತದೆ. ಎಳೆ ಬಹಳ ದಪ್ಪವಿದ್ದರೆ ಕಲ್ಲು ಮಳೆಗೆ ಸಿಪ್ಪೆ ಸುಲಿಯುತ್ತದೆ. ಎಳೆಯೇ ಇಲ್ಲದಿದ್ದರೆ ಏಳುವುದೇ ಇಲ್ಲ. ಮೂರನೆಯದು ನೆಲದಲ್ಲಿಯೇ ಇರುವ ನಿಲುವು ಬಿರುಕುಗಳು. ಅವು ಒಂದಕ್ಕೊಂದು ಅಡ್ಡಹಾಯ್ದು ನೆಲವನ್ನು ಚೌಕ ಚೌಕವಾಗಿ ಕೊಯ್ದಿರುತ್ತವೆ. ಅನುಭವಿ ಕೆಲಸಗಾರ ಆ ಬಿರುಕಿನಿಂದ ಶುರು ಮಾಡುತ್ತಾನೆ, ಹೊಸಬ ಕಲ್ಲಿನ ನಡುವಿನಿಂದ. ಹೊಸಬನ ಬಳಿ ಸಂಜೆಗೆ ಉಳಿಯುವುದು ಚೂರುಗಳ ರಾಶಿ.

ಬಣ್ಣದ ಪಾಠಕ್ಕೆ ಬಹಳ ದಿನ ಹಿಡಿಯಿತು. ಬೂದು, ನೀಲಿ ಬೂದು, ಕೆನೆ, ತಿಳಿ ಗುಲಾಬಿ ಎಲ್ಲವೂ ಒಂದೇ ಖಣಿಯಲ್ಲಿ ಒಂದರ ಕೆಳಗೊಂದು ಇರಬಹುದು. ಒಣಗಿದ ಕಲ್ಲಿನಲ್ಲಿ ಅವು ಕಲಸಿಹೋದಂತೆ ಕಾಣುತ್ತವೆ. ನೀರು ಚಿಮುಕಿಸಿದರೆ ಒಂದೊಂದೂ ಬೇರೆಯಾಗಿ ಎದ್ದು ಬರುತ್ತದೆ. ಖಣಿಯೊಳಗೆ ತಾವು ಎಷ್ಟನೆಯ ಪದರದಲ್ಲಿ ಇದ್ದೇವೆ ಎಂಬುದನ್ನು ಕಾಕಾ ಬಣ್ಣ, ದಪ್ಪ, ಸದ್ದು ಮೂರನ್ನೂ ಕೂಡಿಸಿ ಹೇಳುತ್ತಿದ್ದರು. ಒಂದು ಖಣಿಯ ಪದರಗಳ ಸಾಲು ಅವರಿಗೆ ನೆನಪಿದ್ದರೆ, ಅರ್ಧ ಹರದಾರಿ ಆಚೆಯ ಹೊಸ ಗುಂಡಿಯಲ್ಲಿ ಮೊದಲ ಎರಡು ಪದರ ನೋಡಿಯೇ ಕೆಳಗೆ ಏನೇನು ಬರುತ್ತದೆ ಎಂದು ಹೇಳಬಲ್ಲವರಾಗಿದ್ದರು.

ಸನ್ನತಿಯ ಚಂದ್ರಲಾ ಪರಮೇಶ್ವರಿಯ ದರ್ಶನಕ್ಕೆ ಹೋಗಿದ್ದಾಗ ಕಾಕಾ ಪಕ್ಕದ ಕನಗನಹಳ್ಳಿಗೂ ಹೋಗಿ ಬಂದಿದ್ದರು. ಅಲ್ಲಿ 1994ರಿಂದ ಭಾರತೀಯ ಪುರಾತತ್ವ ಇಲಾಖೆಯವರು ಬೌದ್ಧ ಸ್ತೂಪವನ್ನು ಅಗೆದು ತೆಗೆಯುತ್ತಿದ್ದರು. ರಾಯ ಅಸೋಕೋ ಎಂಬ ಬರಹದ ಜೊತೆ ಸಮ್ರಾಟನ ಚಿತ್ರ ಕೆತ್ತಿದ ಫಲಕ ಸಿಕ್ಕ ಜಾಗ ಅದು. ಕಾಕಾಗೆ ಅಶೋಕನಿಗಿಂತ ಕಲ್ಲಿನ ಮೇಲೆ ಕಣ್ಣು. ‘ಎಲ್ಲ ನಮ್ಮ ಸೀಮೆಯದೇ ಕಲ್ಲು, ಮಗಳೇ. ಎಳೆ ನೋಡಿ ಎಬ್ಬಿಸಿದ್ದಾರೆ. ಒಂದೂ ತಪ್ಪಿಲ್ಲ’ ಎಂದರು. ಎರಡು ಸಾವಿರ ವರ್ಷಗಳ ಹಿಂದಿನ ಕೆಲಸಗಾರರನ್ನು ಅವರು ತಮ್ಮ ಓಣಿಯವರ ಹಾಗೆ ಮೆಚ್ಚಿದ್ದು ನನಗೆ ಬಹಳ ಹಿಡಿಸಿತ್ತು. ಆ ಸ್ತೂಪದ ಬಗ್ಗೆ ಆಮೇಲೆ ನಾನು ಓದಿದ್ದರಲ್ಲೆಲ್ಲ ರಾಜರ ಹೆಸರಿದೆ, ದಾನ ಕೊಟ್ಟವರ ಹೆಸರಿದೆ. ಖಣಿಯಿಂದ ಕಲ್ಲು ಎಬ್ಬಿಸಿದವರ ಮಾತು ಎಲ್ಲಿಯೂ ಇಲ್ಲ.

ಖಣಿ ಹುಡುಕುವವರು ಬರುತ್ತಿದ್ದದ್ದು ಹೊತ್ತೇರಿದ ಮೇಲೆ, ಜೀಪಿನಲ್ಲಿ. ಕೆಲವರು ಸಿಮೆಂಟ್ ಕಂಪನಿಗಳ ಭೂವಿಜ್ಞಾನಿಗಳು, ಕೆಲವರು ಸರ್ಕಾರಿ ಸರ್ವೇಯವರು, ಒಮ್ಮೊಮ್ಮೆ ಗುಲ್ಬರ್ಗ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ದಂಡು. ಹೆಗಲಿಗೆ ಕ್ಯಾನ್ವಾಸ್ ಚೀಲ, ಸೊಂಟಕ್ಕೆ ಸುತ್ತಿಗೆ, ಕೊರಳಿಗೆ ಪುಟ್ಟ ಭೂತಗನ್ನಡಿ, ಕಿಸೆಯಲ್ಲಿ ತೆಳು ಆಮ್ಲದ ಸೀಸೆ. ಕಲ್ಲಿನ ಮೇಲೆ ಒಂದು ಹನಿ ಬಿಟ್ಟರೆ ನಮ್ಮ ಸುಣ್ಣಗಲ್ಲು ಕೂಡಲೇ ನೊರೆಯೆದ್ದು ಸುಯ್ ಎನ್ನುತ್ತದೆ. ಮೆಗ್ನೀಷಿಯಾ ಹೆಚ್ಚಿರುವ ಡಾಲಮೈಟ್ ಆದರೆ ಸುಮ್ಮನಿರುತ್ತದೆ, ಪುಡಿ ಮಾಡಿ ಹಾಕಿದರೆ ಮಾತ್ರ ನಿಧಾನವಾಗಿ ನೊರೆಯುತ್ತದೆ. ಮಕ್ಕಳೆಲ್ಲ ಆ ನೊರೆ ನೋಡಲು ಮುಗಿಬೀಳುತ್ತಿದ್ದೆವು.

ಅವರು ಇಲ್ಲಿಗೆ ಬರುವುದು ಹೊಸತೇನಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟ ಮೇಲೆ ನಮ್ಮ ಕಲ್ಲಿಗೆ ದೂರದ ದಾರಿ ತೆರೆಯಿತು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು. ಆಮೇಲೆ ವಾಡಿ, ಸೇಡಂ, ಮಳಖೇಡದವರೆಗೆ ಚಿಮಣಿಗಳು ಎದ್ದವು. ಒಂದು ಟನ್ ಸಿಮೆಂಟ್ ಗಟ್ಟಿಗೆ, ಅಂದರೆ ಕ್ಲಿಂಕರಿಗೆ, ಸುಮಾರು ಒಂದೂವರೆ ಟನ್ ಸುಣ್ಣಗಲ್ಲು ಬೇಕು. ಚಿಮಣಿ ಇರುವವರೆಗೆ ಕಲ್ಲು ಹುಡುಕುವ ಜೀಪೂ ಇರುತ್ತದೆ.

ಕಟ್ಟೆಯ ಮೇಲೆ ಭೂವಿಜ್ಞಾನಿಯೂ ಕಾಕಾನೂ ಎದುರುಬದುರು ಕುಳಿತ ದಿನ ಅವ್ವನಿಗೆ ಒಲೆಯ ಮುಂದೆ ನನ್ನನ್ನು ನಿಲ್ಲಿಸಿಕೊಳ್ಳುವುದು ಕಷ್ಟವಾಗುತ್ತಿತ್ತು. ಒಮ್ಮೆ ಕಾಕಾ ಕೇಳಿದರು: ‘ಸಾಹೇಬರೇ, ಇದು ಸಮುದ್ರದ ತಳದಲ್ಲಿ ಆದ ಕಲ್ಲು ಎನ್ನುತ್ತೀರಿ. ನಾನು ಹುಟ್ಟಿದಾಗಿನಿಂದ ಒಡೆಯುತ್ತಿದ್ದೇನೆ. ಒಂದು ಮೀನಿನ ಮುಳ್ಳಾದರೂ, ಒಂದು ಚಿಪ್ಪಾದರೂ ಯಾಕೆ ಸಿಕ್ಕಿಲ್ಲ?’ ಸಾಹೇಬರು ಲೋಟ ಕೆಳಗಿಟ್ಟರು. ‘ಈ ಕಲ್ಲು 54 ಕೋಟಿ ವರ್ಷಗಳಿಗೂ ಹಿಂದಿನದು. ಆಗ ಸಮುದ್ರದಲ್ಲಿ ಮೀನೂ ಇರಲಿಲ್ಲ, ಚಿಪ್ಪಿನ ಜೀವಿಯೂ ಇರಲಿಲ್ಲ. ನಿಮ್ಮ ಪ್ರಶ್ನೆ ಸರಿಯಾಗಿದೆ, ಕಾಕಾ. ನಮ್ಮವರು ವಯಸ್ಸನ್ನು ತಿಳಿದದ್ದರಲ್ಲಿ ಅದೂ ಒಂದು ದಾರಿ’ ಎಂದರು. ಉತ್ತರಕ್ಕೆ ಹೋದಂತೆ ಈ ಕಲ್ಲನ್ನು ಮುಚ್ಚಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಎಂಬುದನ್ನೂ ಅಂದೇ ಕೇಳಿದೆ. ಶಾಲೆಯ ಪಾಠದಲ್ಲಿ ದಖನ್ ಪ್ರಸ್ಥಭೂಮಿ ಎಂಬ ಹೆಸರು ಬಂದಾಗ ನನಗೆ ಮೊದಲು ನೆನಪಾದದ್ದು ಅಂಗಡಿಯ ಕಟ್ಟೆ.

ಇಬ್ಬರೂ ಒಳ್ಳೆಯ ಕಲ್ಲು ಎನ್ನುತ್ತಿದ್ದರು, ಆದರೆ ಇಬ್ಬರ ಒಳ್ಳೆಯ ಕಲ್ಲು ಒಂದೇ ಅಲ್ಲ ಎಂಬುದು ನನಗೆ ತಿಳಿದದ್ದು ನಮ್ಮ ಹೊಲದಲ್ಲಿ ಪರೀಕ್ಷೆಯ ಗುಂಡಿ ತೋಡಿದಾಗ.

ಅಪ್ಪನಿಗೆ ಖಣಿ ತೆರೆಯುವ ಆಸೆ ಇತ್ತು. ಬಾಡಿಗೆಯ ಲಾರಿಯಲ್ಲಿ ಬೇರೆಯವರ ಕಲ್ಲು ಹೊತ್ತು ಸಾಕಾಗಿತ್ತು. ಕಾಕಾ ಒಂದು ದಿನ ಹೊಲ ಸುತ್ತಿ ಬಂದರು. ಹುತ್ತದ ಮಣ್ಣು ಕೈಗೆ ತೆಗೆದುಕೊಂಡು ಅದರಲ್ಲಿ ಬಿಳಿ ಸುಣ್ಣದ ಹರಳು ಇದೆಯೇ ಎಂದು ನೋಡಿದರು. ಹುತ್ತ ಕಟ್ಟುವ ಗೆದ್ದಲು ಕೆಳಗಿನ ಮಣ್ಣನ್ನು ಮೇಲೆ ತರುತ್ತದೆ, ಅಗೆಯದೆಯೇ ಒಳಗಿನ ಸುದ್ದಿ ಸಿಗುತ್ತದೆ. ಆಮೇಲೆ ಪಕ್ಕದ ಹೊಲದ ಹಳೆಯ ಬಾವಿಗೆ ಇಳಿದರು. ಭೂವಿಜ್ಞಾನಿಗಳೂ ಯಾವ ಊರಿಗೆ ಹೋದರೂ ಮೊದಲು ಕೇಳುವುದು ಬಾವಿ ಎಲ್ಲಿದೆ ಎಂದೇ. ಬಾವಿಯ ಗೋಡೆಯಲ್ಲಿ ಪದರಗಳು ರೊಟ್ಟಿಯ ಅಟ್ಟಿಯ ಹಾಗೆ ಒಂದರ ಮೇಲೊಂದು ಕಾಣುತ್ತವೆ. ನಮ್ಮ ಸೀಮೆಯ ಪದರಗಳು ಹೆಚ್ಚುಕಡಿಮೆ ಸಪಾಟಾಗಿ ಮಲಗಿವೆ. ಹೀಗಾಗಿ ಒಂದು ಬಾವಿಯಲ್ಲಿ ಒಂದು ಪದರ ಎಷ್ಟು ಆಳಕ್ಕಿದೆ ಎಂದು ಗೊತ್ತಾದರೆ, ನೆಲದ ಏರಿಳಿತ ಅಳೆದುಕೊಂಡು ಪಕ್ಕದ ಹೊಲದಲ್ಲಿ ಅದು ಎಲ್ಲಿ ಸಿಗುತ್ತದೆ ಎಂದು ಹೇಳಬಹುದು. ಕಾಕಾ ಅಳೆದದ್ದು ಗವಂಡಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪಿನಿಂದ. ಪೈಪಿನ ಒಂದು ತುದಿಯನ್ನು ನಾನು ಹಿಡಿದಿದ್ದೆ. ಬಾವಿಯಿಂದ ನಮ್ಮ ಹೊಲದ ನಡುವಿನವರೆಗೆ ತುಂಡು ತುಂಡಾಗಿ ಮಟ್ಟ ಒಯ್ದು, ಗೂಟ ನೆಟ್ಟು, ‘ಆಳೆತ್ತರ ತೋಡಿದರೆ ಕಲ್ಲಿನ ಮೈ ಹತ್ತುತ್ತದೆ’ ಎಂದರು.

ತೋಡಿದವರು ಕಾಕಾ ಮತ್ತು ಅವರ ಮಕ್ಕಳು. ಕೂಲಿಯ ಬದಲು ಅವರ ಓಣಿಯ ಉದ್ರಿಯಲ್ಲಿ ಒಂದು ಪಾಲನ್ನು ಅವ್ವ ಹೊಡೆದುಹಾಕಿದಳು. ಆರು ಅಡಿ ಅಗಲ, ಹತ್ತು ಅಡಿ ಉದ್ದದ ಗುಂಡಿ. ಮೇಲೆ ಎರೆ ಮಣ್ಣು. ಬೇಸಿಗೆಯಲ್ಲಿ ಅದು ಬಿರಿದಿರುತ್ತದೆ, ಗುದ್ದಲಿಗೆ ಹೆಂಟೆ ಹೆಂಟೆಯಾಗಿ ಬರುತ್ತದೆ. ಅದರ ಕೆಳಗೆ ಸುಣ್ಣದ ಹರಳು ಬೆರೆತ ಹಳದಿ ಮಣ್ಣು. ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ತೆಳು ಕಲ್ಲು, ಅದನ್ನು ಬಳಿದು ಹಾಕಿದ ಮೇಲೆ ಗಟ್ಟಿ ಮೈ. ಕಾಕಾ ಹೇಳಿದ ಆಳಕ್ಕೂ ಅದಕ್ಕೂ ಒಂದು ಗೇಣಿನ ಅಂತರ ಇರಲಿಲ್ಲ. ನೀರು ಹಾಕಿ ತೊಳೆದರೆ ನೀಲಿ ಬೂದು ಬಣ್ಣ. ಸುತ್ತಿಗೆಯಿಂದ ತಟ್ಟಿದರೆ ಕಣಕಣ. ಅಪ್ಪನ ಮುಖ ಅರಳಿತು.

ಕಾಕಾ ಮಾತಾಡಲಿಲ್ಲ. ಬಿರುಕು ನೋಡಿ ಸಾಲಾಗಿ ಉಳಿ ಇಟ್ಟು ಹೊಡೆದರು, ಹಾರೆ ಕೊಟ್ಟು ಮೀಟಿದರು. ಪದರ ಏಳಲಿಲ್ಲ. ಇನ್ನೊಂದು ಕಡೆಯಿಂದ ಹೊಡೆದರು. ಕಲ್ಲು ಒಡೆಯಿತು, ಆದರೆ ಅಡ್ಡಾದಿಡ್ಡಿಯಾಗಿ, ಗಡ್ಡೆ ಗಡ್ಡೆಯಾಗಿ. ಒಡೆದ ತುಂಡಿನ ಅಂಚನ್ನು ಬೆರಳಿನಿಂದ ಬಹಳ ಹೊತ್ತು ಸವರಿ ನೋಡಿದರು. ಇನ್ನೂ ಎರಡು ಅಡಿ ಇಳಿದರು. ಅದೇ ಕಥೆ. ಮೇಲೆ ಬಂದು ಅವ್ವನಿಗೆ ಹೇಳಿದರು: ‘ತಂಗೀ, ಕಲ್ಲು ಗಟ್ಟಿ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಎಳೆ ಇಲ್ಲ. ಇದು ಹಾಸುಗಲ್ಲಾಗುವುದಿಲ್ಲ. ಇದರ ಮೇಲೆ ಸಾಲ ಮಾಡಬೇಡಿ.’

ಆ ವಾರವೇ ಬಂದ ಭೂವಿಜ್ಞಾನಿ ಗುಂಡಿಗೆ ಇಳಿದು, ಹನಿ ಬಿಟ್ಟು, ತುಂಡುಗಳನ್ನು ಬಟ್ಟೆಯ ಚೀಲಗಳಲ್ಲಿ ಕಟ್ಟಿ ಅಂಕಿ ಬರೆದುಕೊಂಡು ಹೋದರು. ಕೆಲವು ದಿನಗಳ ಮೇಲೆ ಚಹಾಕ್ಕೆ ಕುಳಿತಾಗ ಬಹಳ ಖುಷಿಯಲ್ಲಿದ್ದರು. ಸಿಮೆಂಟಿಗೆ ಸುಣ್ಣಾಂಶ ಶೇ. 42ಕ್ಕಿಂತ ಹೆಚ್ಚು ಬೇಕು, ಮೆಗ್ನೀಷಿಯಾ ಶೇ. 5ರ ಒಳಗಿರಬೇಕು. ನಮ್ಮ ಕಲ್ಲು ಎರಡರಲ್ಲಿಯೂ ಪಾಸಾಗಿತ್ತು. ಎಳೆ ಇಲ್ಲದ್ದು ಅವರಿಗೆ ಒಳ್ಳೆಯದೇ. ಜೇಡಿಯ ಎಳೆ ಹೆಚ್ಚಾದಷ್ಟೂ ಅವರ ಸುಣ್ಣಾಂಶ ಇಳಿಯುತ್ತದೆ. ಹೇಗೂ ಪುಡಿ ಮಾಡಿ ಸುಡುವ ಕಲ್ಲು, ಪದರ ಎದ್ದರೆಷ್ಟು ಬಿಟ್ಟರೆಷ್ಟು. ಒಂದೇ ಗುಂಡಿಗೆ ಎರಡು ತೀರ್ಪು ಬಂತು, ಎರಡೂ ಸರಿಯಾಗಿದ್ದವು.

ಈ ಎರಡು ತೀರ್ಪುಗಳ ನಡುವೆ ರೈತನ ಪಾಲು ಎಲ್ಲಿ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಿದವರು ಕಟ್ಟೆಯ ಮೇಲೆ ಕೂಡುತ್ತಿದ್ದ ಒಬ್ಬ ನಿವೃತ್ತ ಸರ್ವೇಯರು. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಉಪಖನಿಜ, ಅದಕ್ಕೆ ರಾಜ್ಯದ 1994ರ ನಿಯಮಗಳು. ತನ್ನ ಪಟ್ಟಾ ಭೂಮಿಯಲ್ಲಿ ಸಣ್ಣ ರೈತನೂ ಅರ್ಜಿ ಹಾಕಿ ಸಣ್ಣ ಖಣಿ ನಡೆಸಬಹುದು. ಸಿಮೆಂಟಿಗೆ ಹೋಗುವ ಸುಣ್ಣಗಲ್ಲು ಪ್ರಧಾನ ಖನಿಜ, ಅದಕ್ಕೆ ಕೇಂದ್ರದ 1957ರ ಕಾಯ್ದೆ. ಅಲ್ಲಿ ಗುತ್ತಿಗೆ ದೊಡ್ಡ ಕಂಪನಿಗೆ, ರೈತನಿಗೆ ಉಳಿಯುವುದು ಹೊಲ ಮಾರುವುದೊಂದೇ. ಕೆಳಗೆ ಇರುವುದು ಅದೇ ಸಮುದ್ರದ ಅದೇ ಕಲ್ಲು. ನಡುವೆ ಜೇಡಿಯ ಎಳೆ ಇದ್ದರೆ ರೈತ ಖಣಿಯ ಯಜಮಾನ, ಇಲ್ಲದಿದ್ದರೆ ಎಕರೆಗೆ ಇಷ್ಟೆಂದು ತೆಗೆದುಕೊಂಡು ಎದ್ದು ಹೋಗುವವನು. ಇದು ನನಗೆ ಆಗಲೂ ನ್ಯಾಯವೆನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಮಾರುವ ಮಾತು ಬಂದಾಗ ಅಪ್ಪ ತೂಗಾಡಿದ. ಅವ್ವ ಮಾತ್ರ ಗುಂಡಿಯ ಬಾಯಿಗೆ ನಿಂತು, ಕಿತ್ತ ಎರೆ ಮಣ್ಣನ್ನು ಮತ್ತೆ ಹರಡಿಸಿ ತೊಗರಿ ಬಿತ್ತಿಸಿದಳು. ಗುಂಡಿಯನ್ನು ಮುಚ್ಚಿಸಲಿಲ್ಲ. ಮಳೆಯ ನೀರು ನಿಂತರೆ ದನಗಳಿಗೆ ಆಯಿತು ಎಂದಳು. ಸುತ್ತಲೂ ಕಲ್ಲು ನೆಡಿಸಿದಳು, ಯಾಕೆಂದರೆ ಬಿಟ್ಟುಹೋದ ಖಣಿಗಳ ನೀರಿನಲ್ಲಿ ಮಕ್ಕಳು ಮುಳುಗಿದ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. ಕೆಲಸ ಮುಗಿದ ಖಣಿಗೆ ಬೇಲಿ ಹಾಕದೆ ಹೋಗುವವರನ್ನು ಅವ್ವ ಕಟ್ಟೆಯ ಮೇಲೆಯೇ ನಿಲ್ಲಿಸಿ ಕೇಳುತ್ತಿದ್ದಳು. ಅವರ ಚಹಾದ ದುಡ್ಡಿಗಾಗಿ ಅವಳು ಮಾತು ನುಂಗಿದವಳಲ್ಲ.

ಅಂಗಡಿ ಒಂದೇ ದಿನ ಮುಚ್ಚಲಿಲ್ಲ. ಗುಜರಾತಿನ ಮೋರ್ಬಿಯ ಹೊಳೆಯುವ ಟೈಲ್ಸ್ ಊರೂರಿಗೂ ಬಂದವು. ಶಹಾಬಾದ್ ಕಲ್ಲನ್ನು ಅಂಗಳಕ್ಕೆ, ದನದ ಕೊಟ್ಟಿಗೆಗೆ ಸಾಕು ಎನ್ನುವ ಕಾಲ ಬಂತು. ಖಣಿಯಲ್ಲಿಯೇ ಹಳಿಯ ಮೇಲೆ ಓಡುವ ಗರಗಸದ ಚಕ್ರಗಳು ಬಂದು, ಇಪ್ಪತ್ತು ಮಂದಿಯ ಕೈ ಮಾಡುತ್ತಿದ್ದ ಕೆಲಸಕ್ಕೆ ನಾಲ್ಕು ಮಂದಿ ಸಾಕಾದರು. ಚಕ್ರಕ್ಕೆ ಉಳಿ ಬೇಡ, ಕಮ್ಮಾರ ತಿದಿ ಕಟ್ಟಿಕೊಂಡು ಹೊರಟ. ಓಣಿಯ ಹುಡುಗರು ಪುಣೆ, ಮುಂಬಯಿಗೆ ಕಟ್ಟಡ ಕೆಲಸಕ್ಕೆ ಹೋದರು. ರಸ್ತೆ ಅಗಲ ಮಾಡುವಾಗ ಕಟ್ಟೆ ಹೋಯಿತು. ಉದ್ರಿ ಪುಸ್ತಕದಲ್ಲಿ ಬಾಕಿ ಇದ್ದದ್ದನ್ನು ಅವ್ವ ಯಾರ ಮನೆಗೂ ಹೋಗಿ ಕೇಳಲಿಲ್ಲ.

ನಾನು ಕಲಬುರಗಿಯಲ್ಲಿ ಶಾಲೆಯ ಶಿಕ್ಷಕಿಯಾಗಿ ಕೆಲವು ವರ್ಷ ಕಳೆದ ಮೇಲೆ, ಒಂದು ಸಲ ರಜೆಗೆ ಊರಿಗೆ ಹೋದಾಗ ನಮ್ಮ ಹೊಲದ ಬದುವಿನಲ್ಲಿ ಲಾರಿಯ ಮೇಲೆ ಕೂರಿಸಿದ ಕೊರೆಯುವ ಯಂತ್ರ ನಿಂತಿತ್ತು. ಸುತ್ತಲಿನ ಹೊಲಗಳಲ್ಲಿ ಚೌಕಳಿಯಾಗಿ ಗೂಟ ನೆಟ್ಟು ಕೊರೆಯುತ್ತ ಬಂದಿದ್ದರು. ಅವ್ವನ ಒಪ್ಪಿಗೆ ಕೇಳಿಯೇ ಒಳಗೆ ಬಂದಿದ್ದರು. ತುದಿಗೆ ವಜ್ರದ ಚೂರು ಕೂರಿಸಿದ ಟೊಳ್ಳು ಕೊಳವೆ, ಒಳಗೆ ಸದಾ ಹರಿಯುವ ನೀರು. ಕೊಳವೆ ತಿರುಗುತ್ತ ಇಳಿದಂತೆ ನಡುವಿನ ಕಲ್ಲು ದುಂಡನೆಯ ಕೋಲಿನಂತೆ ಒಳಗೆ ಉಳಿಯುತ್ತದೆ. ಅದನ್ನು ಹೊರತೆಗೆದು ಉದ್ದನೆಯ ಪೆಟ್ಟಿಗೆಗಳ ಸಾಲುಗಳಲ್ಲಿ ಜೋಡಿಸಿ, ಎಷ್ಟು ಆಳದ್ದೆಂದು ಬಣ್ಣದಲ್ಲಿ ಬರೆಯುತ್ತಾರೆ. ಉಸ್ತುವಾರಿಗೆ ಇದ್ದವಳು ಒಬ್ಬ ಎಳೆಯ ಭೂವಿಜ್ಞಾನಿ, ಬೇರೆ ಜಿಲ್ಲೆಯ ಹುಡುಗಿ.

ಕಾಕಾನನ್ನು ಕರೆತಂದೆ. ಬಹಳ ಮುದುಕರಾಗಿದ್ದರು, ಕೋಲು ಹಿಡಿದು ಬಂದರು. ಪೆಟ್ಟಿಗೆಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೀರು ಕೇಳಿದರು. ಆ ಹುಡುಗಿ ನಕ್ಕು ತನ್ನ ಬಳಿಯಿದ್ದ ನೀರಿನ ಬಾಟಲಿಯನ್ನೇ ಕೊಟ್ಟಳು. ಅವಳೂ ಕಲ್ಲನ್ನು ತೋಯಿಸಿಯೇ ನೋಡುತ್ತಿದ್ದಳು. ಮೇಲಿನ ಸಾಲುಗಳಲ್ಲಿ ಕಲ್ಲು ಉದ್ದುದ್ದ ಕೋಲುಗಳಾಗಿ ಅಖಂಡವಾಗಿ ಬಂದಿತ್ತು. ‘ಇದು ನಮ್ಮ ಗುಂಡಿಯ ಕಲ್ಲು’ ಎಂದರು ಕಾಕಾ. ಕೆಳಗಿನ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು. ಅಲ್ಲಿ ಕಲ್ಲು ನಾಲ್ಕು ಬೆರಳಿಗೊಂದು, ಆರು ಬೆರಳಿಗೊಂದು ತುಂಡಾಗಿತ್ತು.

‘ಇದು ಕೊರೆಯುವಾಗ ಮುರಿದದ್ದು, ಅಜ್ಜಾ’ ಎಂದಳು ಹುಡುಗಿ.

‘ಇದು ಮುರಿದದ್ದು’ ಎಂದು ಕಾಕಾ ಒಂದು ತುಂಡನ್ನು ಎತ್ತಿ ಅದರ ಮೈ ತೋರಿಸಿದರು. ಅದು ಒರಟಾಗಿ, ಹೊಸದಾಗಿ ಬೆಳ್ಳಗಿತ್ತು. ಇನ್ನೊಂದನ್ನು ಎತ್ತಿದರು. ಅದರ ಮೈ ನುಣುಪಾಗಿತ್ತು, ಮೇಲೆ ಕಾಗದದಷ್ಟು ತೆಳುವಾಗಿ ಕಂದು ಜೇಡಿ ಅಂಟಿಕೊಂಡಿತ್ತು. ‘ಇದು ಎಳೆ. ಇದೂ ಎಳೆ. ಇದು ಮುರಿದದ್ದು. ಇದು ಎಳೆ.’ ಹೀಗೆ ಸಾಲಿನ ಕೊನೆಯವರೆಗೆ ಒಂದೊಂದನ್ನೂ ಬೇರೆ ಮಾಡಿ ಇಟ್ಟರು. ನಾವು ಗುಂಡಿ ನಿಲ್ಲಿಸಿದ ಕಡೆಯಿಂದ ಬಹಳ ಕೆಳಗೆ, ಹಾರೆಯಿಂದ ಯಾರೂ ಮುಟ್ಟಲಾಗದ ಆಳದಲ್ಲಿ, ನಮ್ಮ ಹೊಲದ ಹಾಸುಗಲ್ಲು ಇತ್ತು.

ಆ ಹುಡುಗಿ ತನ್ನ ಬರಹದ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಕಾನ ಪಕ್ಕಕ್ಕೆ ನೆಲದ ಮೇಲೆಯೇ ಕುಳಿತಳು. ‘ಮೊದಲಿನಿಂದ ಇನ್ನೊಮ್ಮೆ ಹೇಳಿ, ಅಜ್ಜಾ. ಬರೆದುಕೊಳ್ಳುತ್ತೇನೆ’ ಎಂದಳು. ಕಾಕಾ ಮೇಲಿನ ಪೆಟ್ಟಿಗೆಯಿಂದ ಮತ್ತೆ ಶುರು ಮಾಡಿದರು. ಅವರು ಹೇಳಿದ್ದರ ಒಂದು ಪ್ರತಿಯನ್ನು ನಾನೂ ಬರೆದುಕೊಂಡೆ, ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಬ್ರಾಸಿನ ಪಟ್ಟಿಯ ಕೆಳಗೆ.